250ರಲ್ಲಿ 113ನೇ ವಾಚು ನನ್ನದು: ಕಸ್ಟಮ್ಸ್‌ಗೆ ಎಷ್ಟು ಎತ್ತಿಡಬೇಕು?

ಮಸಿಕೈ, ಗದಗ (19 ನವೆಂಬರ್ 2025)

ಎಲ್ಲರಿಗೂ ನಮಸ್ಕಾರ. ಗದಗಿನಲ್ಲಿ ನಂದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಕ್ಯಾಲೆಂಡರ್, ಬಿಲ್ ಬುಕ್, ಇಂಥವೇ. ವಯಸ್ಸು 52. ಇಲ್ಲಿಯವರೆಗೆ ಕೈಗೆ ಕಟ್ಟಿದ್ದು ಒಂದೇ ವಾಚು, ಮದುವೆಯಲ್ಲಿ ಮಾವನವರು ಕೊಟ್ಟ ಟೈಟಾನ್. ಅದು ಇನ್ನೂ ನಡೆಯುತ್ತಿದೆ. ಹಾಗಾಗಿ ಟೈಮ್ ನೋಡಲಿಕ್ಕೆ ನನಗೆ ಇನ್ನೊಂದು ವಾಚು ಬೇಕಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮನೆಯಲ್ಲಿ ಎಲ್ಲರೂ ಅದನ್ನೇ ಕೇಳುತ್ತಾರೆ.

ಹೋದ ವರ್ಷ ಒಂದು ರಾತ್ರಿ ಮೊಬೈಲಿನಲ್ಲಿ ವಾಚಿನ ಡಯಲ್ ಹೇಗೆ ಪ್ರಿಂಟ್ ಮಾಡುತ್ತಾರೆ ಅಂತ ನೋಡಿದೆ. ಕೊರೆದ ಪ್ಲೇಟಿಗೆ ಮಸಿ ತುಂಬಿ, ಮೇಲಿಂದ ಒರೆಸಿ, ಮೆತ್ತಗಿನ ಸಿಲಿಕೋನ್ ಉಂಡೆಯನ್ನು ಅದರ ಮೇಲೆ ಒತ್ತಿ ಎತ್ತುತ್ತಾರೆ. ಆಮೇಲೆ ಅದನ್ನೇ ಡಯಲ್ ಮೇಲೆ ಒತ್ತುತ್ತಾರೆ. ಮಸಿ ಉಬ್ಬಿ ನಿಲ್ಲಬೇಕು ಅಂದರೆ ಒಣಗಿಸಿ ಮತ್ತೆ ಅದೇ ಜಾಗಕ್ಕೆ, ಮತ್ತೆ ಅದೇ ಜಾಗಕ್ಕೆ. ನಾಲ್ಕು ಬಣ್ಣದ ಕೆಲಸದಲ್ಲಿ ರಿಜಿಸ್ಟರ್ (ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುವುದು) ಕೂಡಿಸಲಿಕ್ಕೆ ನಾನು ಮೂವತ್ತು ವರ್ಷದಿಂದ ಒದ್ದಾಡುತ್ತಿದ್ದೇನೆ. ಆ ಮನುಷ್ಯ ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂಡಿಸುತ್ತಿದ್ದ. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಸ್ವಿಟ್ಜರ್ಲೆಂಡಿನ ಒಂದು ಸಣ್ಣ ಕಂಪನಿ. ಹೆಸರು ಹೇಳಲ್ಲ, ಹೇಳಿದರೆ ಮಾತೆಲ್ಲ ಆ ಕಡೆ ಹೋಗುತ್ತದೆ. ನಮ್ಮ ದೇಶದಲ್ಲಿ ಅವರ ಅಂಗಡಿ ಇಲ್ಲ. ಸ್ಟೀಲ್ ಕೇಸ್, ಆಟೋಮ್ಯಾಟಿಕ್, ಒಟ್ಟು 250 ಮಾತ್ರ. ಬೆಲೆ 3,200 ಫ್ರಾಂಕ್. ಸೆಪ್ಟೆಂಬರಿನಲ್ಲಿ ಅವರ ಮಧ್ಯಾಹ್ನ 3 ಗಂಟೆಗೆ, ನಮ್ಮ ಸಂಜೆ 6.30ಕ್ಕೆ ಬುಕಿಂಗ್ ತೆರೆಯಿತು. ಒಂದು ಕಡೆ ಮಶೀನ್ ಓಡುತ್ತಿತ್ತು, ಇನ್ನೊಂದು ಕಡೆ ನನ್ನ ಎದೆ. ನಂಬರ್ 113 ಸಿಕ್ಕಿತು. 960 ಫ್ರಾಂಕ್ ಮುಂಗಡ ಕೊಟ್ಟಿದ್ದೇನೆ. ಜನವರಿ ಮೊದಲ ವಾರ ಕಳಿಸುತ್ತಾರೆ. ಎಲ್ಲಿಗೆ ಕಳಿಸಬೇಕು ಅಂತ ನಾನು ಈ ನವೆಂಬರ್ 30ರ ಒಳಗೆ ಹೇಳಬೇಕು.

ಈಗ ಪ್ರಶ್ನೆ. ಗದಗಿಗೇ ಕೊರಿಯರ್ ಮಾಡಿಸಲೇ? ಅಥವಾ ಧಾರವಾಡದ ಅಕ್ಕನ ಮಗ ಜ್ಯೂರಿಕ್‌ನಲ್ಲಿದ್ದಾನೆ, ಸಂಕ್ರಾಂತಿಗೆ ಬರುತ್ತಾನೆ, ಅವನ ಕೈಲಿ ತರಿಸಲೇ? ಒಬ್ಬರು ಡ್ಯೂಟಿ ಶೇ. 40 ಅನ್ನುತ್ತಾರೆ, ಇನ್ನೊಬ್ಬರು 77 ಅನ್ನುತ್ತಾರೆ, ಮತ್ತೊಬ್ಬರು ಸ್ವಿಸ್ ವಾಚಿಗೆ ಈಗ ಡ್ಯೂಟಿಯೇ ಇಲ್ಲ ಅನ್ನುತ್ತಾರೆ. ತೆರಿಗೆ ಕಟ್ಟಲಿಕ್ಕೆ ನಂದೇನೂ ತಕರಾರಿಲ್ಲ. ಆದರೆ ನನ್ನ ಹತ್ತಿರ ಬಂದ ಗಿರಾಕಿಗೆ ಸಾವಿರ ಪತ್ರಿಕೆಗೆ ಇಷ್ಟು ಅಂತ ನಾನು ಮೊದಲೇ ಚೀಟಿಯಲ್ಲಿ ಬರೆದುಕೊಡುತ್ತೇನೆ. ನನಗೂ ಅಂಥದ್ದೊಂದು ಚೀಟಿ ಬೇಕು, ಅಷ್ಟೇ.

ಮನೆಯವಳಿಗೆ ಬೆಲೆ ಹೇಳಿದ್ದೇನೆ, ಡ್ಯೂಟಿ ಹೇಳಿಲ್ಲ. ಬೆಲೆಗೇ ಆಕೆ ಅಂದದ್ದು: "ಅಡಗಿಮನಿ ಗಡಿಯಾರಕ್ಕ ಸೆಲ್ ತರ್ರಿ ಅಂತ ಹೇಳಿ ಎರಡ ತಿಂಗಳಾತು."

ಬ್ಯಾಡಗಿ ಖಾರ

ಅಣ್ಣಾವ್ರೇ, ಇಷ್ಟು ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? ಅಳಿಯ ಕೈಗೆ ಕಟ್ಟಿಕೊಂಡು ಸೀದಾ ಹೊರಗೆ ಬರಲಿ. ಡಬ್ಬಿ ಆಮೇಲೆ ಪೋಸ್ಟಿನಲ್ಲಿ ಬರುತ್ತದೆ. ಯಾರು ಕೇಳ್ತಾರೆ? ಹತ್ತು ಲಕ್ಷದ ಮೇಲಿನ ವಾಚಿಗೆ ಶೇ. 1 ಟಿಸಿಎಸ್ ಅನ್ನುವ ತೆರಿಗೆ ಬೇರೆ ಬಂದಿದೆಯಂತೆ. ಎಲ್ಲದಕ್ಕೂ ಕಟ್ಟುತ್ತಾ ಹೋದರೆ ನಾವು ಉಳಿಯುತ್ತೇವಾ?

ಲೆಕ್ಕದ ಮೇಷ್ಟ್ರು, ವಿದ್ಯಾನಗರ ಹುಬ್ಬಳ್ಳಿ

ಖಾರದವರೇ, ನಿಮ್ಮ ಮಾತು ಕೇಳಿ ಆ ಹುಡುಗ ಸಿಕ್ಕಿಬಿದ್ದರೆ ನೀವು ಹೋಗಿ ಬಿಡಿಸುತ್ತೀರಾ? ವಾಚು ಜಪ್ತಿ ಆಗುತ್ತದೆ, ಮೇಲೆ ದಂಡ. ಹೊಸ ವಾಚು, ನಂಬರ್ ಕೆತ್ತಿದ್ದು, ಆನ್‌ಲೈನ್ ಬಿಲ್ ಇದೆ. ಕೈಗೆ ಕಟ್ಟಿದ ಮಾತ್ರಕ್ಕೆ ಅದು ಹಳೇದಾಗುವುದಿಲ್ಲ. ಮಾವನ ಆಸೆಗೆ ಅಳಿಯನ ಪಾಸ್‌ಪೋರ್ಟ್ ಯಾಕೆ ಪಣಕ್ಕಿಡಬೇಕು? ಇನ್ನು ಆ ಟಿಸಿಎಸ್ 2025ರ ಏಪ್ರಿಲ್ 22ರಿಂದ ಬಂದದ್ದು ನಿಜ. ಆದರೆ ಅದನ್ನು ವಸೂಲಿ ಮಾಡುವವರು ಇಲ್ಲಿ ಮಾರುವ ಅಂಗಡಿಯವರು. ಈ ವಾಚಿಗೆ ಅದು ಸಂಬಂಧವೇ ಇಲ್ಲ.

ಮಸಿಕೈ ಅವರೇ, ನಿಮ್ಮ ಚೀಟಿ ತಗೊಳ್ಳಿ. ಫ್ರಾಂಕಿಗೆ 110 ರೂಪಾಯಿ ಹಿಡಿದಿದ್ದೇನೆ.

ಮೊದಲು ಕೊರಿಯರ್. ಡ್ಯೂಟಿ ವಾಚಿನ ಬೆಲೆಯೊಂದರ ಮೇಲೆ ಅಲ್ಲ, ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತದ ಮೇಲೆ. ಅವೆರಡಕ್ಕೆ 80 ಫ್ರಾಂಕ್ ಅಂತಿಟ್ಟುಕೊಳ್ಳಿ. 3,280 ಫ್ರಾಂಕ್ ಅಂದರೆ 3,60,800 ರೂಪಾಯಿ. ಇದಕ್ಕೆ ಮೂಲ ಸುಂಕ ಶೇ. 20, ಅಂದರೆ 72,160. 2018ರ ಬಜೆಟ್ ತನಕ ಇದು ಶೇ. 10 ಇತ್ತು. ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್, 7,216. ಈಗ ಎಲ್ಲ ಕೂಡಿಸಿ 4,40,176. ಈ ಪೂರ್ತಿ ಮೊತ್ತದ ಮೇಲೆ ಶೇ. 18 ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ), 79,232. ಸುಂಕದ ಮೇಲೂ ತೆರಿಗೆ ಬೀಳುತ್ತದೆ, ಎಲ್ಲರೂ ಎಡವುವುದು ಇಲ್ಲೇ. ಜನ 20ಕ್ಕೆ 18 ಕೂಡಿಸಿ 38 ಅಂದುಕೊಂಡಿರುತ್ತಾರೆ. ಬೀಳುವುದು ಶೇ. 43.96. ಒಟ್ಟು ಡ್ಯೂಟಿ 1,58,608. ವಾಚು ಮನೆಗೆ ಬರುವಾಗ 5,19,408.

ಈಗ ಅಳಿಯ. ನಿಮಗೆ ಹೇಳಿದ 3,200 ಹೊರದೇಶದ ಗಿರಾಕಿಗೆ ಹೇಳುವ ಬೆಲೆ ಇರಬೇಕು, ಕೇಳಿ ನೋಡಿ. ಅಲ್ಲೇ ಇರುವವನು ಅಲ್ಲೇ ತಗೊಂಡರೆ ಅವರ ಶೇ. 8.1 ವ್ಯಾಟ್ ಸೇರುತ್ತದೆ. ಆಗ 3,459 ಫ್ರಾಂಕ್, ನಮ್ಮ 3,80,500 ಚಿಲ್ಲರೆ. ಏರ್‌ಪೋರ್ಟಿನಲ್ಲಿ ರೆಡ್ ಚಾನೆಲ್‌ಗೆ (ಡ್ಯೂಟಿ ಕಟ್ಟುವ ಮಾಲು ತಂದವರ ದಾರಿ) ಹೋಗಿ ತೋರಿಸಿದರೆ, ಈ 2025ರ ನಿಯಮದಂತೆ 50,000 ಬಿಟ್ಟು ಉಳಿದದ್ದಕ್ಕೆ ಶೇ. 38.5. ಲಗೇಜಿನಲ್ಲಿ ತಂದದ್ದಕ್ಕೆ ಐಜಿಎಸ್‌ಟಿ ಇಲ್ಲ. ಡ್ಯೂಟಿ ಸುಮಾರು 1,27,250 ಆಗುತ್ತದೆ. ಒಟ್ಟು 5,07,760.

ಅಂದರೆ ಪ್ರಾಮಾಣಿಕವಾಗಿ ತಂದರೆ ಉಳಿಯುವುದು ಹನ್ನೊಂದೂವರೆ ಸಾವಿರದ ಆಸುಪಾಸು. ಆ 50,000 ರಿಯಾಯಿತಿಯನ್ನು ಅವನು ತನ್ನ ಅಮ್ಮನಿಗೆ ಏನಾದರೂ ತರಲಿಕ್ಕೆ ಇಟ್ಟುಕೊಂಡಿದ್ದರೆ ಅದೂ ಹೋಯಿತು.

ಸ್ವಿಸ್ ವಾಚಿಗೆ ಡ್ಯೂಟಿ ಇಲ್ಲ ಅಂದವರು ಸುದ್ದಿಯನ್ನು ಅರ್ಧ ಓದಿದ್ದಾರೆ. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್ ಜೊತೆಗಿನ ವ್ಯಾಪಾರ ಒಪ್ಪಂದಕ್ಕೆ 2024ರ ಮಾರ್ಚ್‌ನಲ್ಲಿ ಸಹಿ ಬಿತ್ತು. ಜಾರಿಗೆ ಬಂದದ್ದು 2025ರ ಅಕ್ಟೋಬರ್ 1ಕ್ಕೆ. ವಾಚಿನ ಸುಂಕ ಒಂದೇ ಸಲ ಹೋಗುವುದಿಲ್ಲ. ಏಳು ವರ್ಷದಲ್ಲಿ ಹಂತ ಹಂತವಾಗಿ ಇಳಿಯುತ್ತದೆ. ಆ ರಿಯಾಯಿತಿ ಬೇಕೆಂದರೆ ಇದು ಸ್ವಿಟ್ಜರ್ಲೆಂಡಿನದೇ ಮಾಲು ಅಂತ ಕಂಪನಿ ಮೂಲದ ದಾಖಲೆ ಕೊಡಬೇಕು. ಪೂರ್ತಿ ಸೊನ್ನೆ ಆದ ಮೇಲೂ ಐಜಿಎಸ್‌ಟಿ ಉಳಿಯುತ್ತದೆ. ನಿಮ್ಮ ಲೆಕ್ಕಕ್ಕೆ ಅದೇ 64,944.

ನವಲೂರು ಪೇರಲ

77 ಅಂದವರು ಸುಳ್ಳು ಹೇಳಿಲ್ಲ. ಅದನ್ನು ಕಟ್ಟಿದವನು ನಾನೇ. 2022ರಲ್ಲಿ ಜಪಾನಿನಿಂದ ಒಂದು ಲಿಮಿಟೆಡ್ ಸೈಕೋ ವಾಚು ತರಿಸಿದೆ. ಬೆಲೆ, ಸಾಗಣೆ ಎಲ್ಲ ಸೇರಿ 62,000. ಕೊರಿಯರ್‌ನವರು ಅದನ್ನು ವಾಚು ಅಂತ ತೋರಿಸದೆ "ಸ್ವಂತ ಬಳಕೆಯ ವಸ್ತು" ಅನ್ನುವ ಖಾತೆಗೆ ಹಾಕಿಬಿಟ್ಟರು. ಆಗ ಆ ಖಾತೆಯ ಲೆಕ್ಕ: ಸುಂಕ 35, ಸರ್ಚಾರ್ಜ್ 3.5, ಮೇಲೆ 28ರ ಐಜಿಎಸ್‌ಟಿ, ಒಟ್ಟು ಶೇ. 77.28. ನಲವತ್ತೆಂಟು ಸಾವಿರಕ್ಕೆ ನೂರು ರೂಪಾಯಿ ಕಮ್ಮಿ. ಫೋನ್ ಮಾಡಿದರೆ "ಫೈಲ್ ಆಗಿಬಿಟ್ಟಿದೆ ಸರ್" ಅಂತ ಒಂದೇ ಪಾಠ.

ಅಂಗಡಿಯವನು ಪಾಪ ಒಳ್ಳೇದು ಮಾಡಲಿಕ್ಕೆ ಹೋಗಿ ಡಬ್ಬಿಯ ಮೇಲೆ "ಗಿಫ್ಟ್" ಅಂತಲೂ ಬರೆದಿದ್ದ. 2019ರ ಡಿಸೆಂಬರಿನಿಂದ ಹೊರದೇಶದ ಗಿಫ್ಟ್ ಪಾರ್ಸೆಲ್‌ಗಿದ್ದ ವಿನಾಯಿತಿ ಹೋಗಿದೆ. ರಾಖಿ, ಜೀವ ಉಳಿಸುವ ಔಷಧಿ ಇಂಥವಕ್ಕೆ ಮಾತ್ರ ಉಳಿದಿದೆ. ಆ ಒಂದು ಪದದಿಂದ ಇನ್ನೂ ಒಂಬತ್ತು ದಿನ ತಡ. ಒಂಬತ್ತು ದಿನವೂ ನಾನು ಬೆಳಗ್ಗೆ ಹಲ್ಲುಜ್ಜುವ ಮೊದಲು ಟ್ರ್ಯಾಕಿಂಗ್ ನೋಡುತ್ತಿದ್ದೆ. ಸಣ್ಣ ಮಗಳು "ಅಪ್ಪಾ, ನಿಮ್ಮ ವಾಚು ಎದ್ದೈತೇನ್ರಿ?" ಅಂತ ಕೇಳೋಳು.

ಹಾಗಾಗಿ ಪಾರ್ಸೆಲ್ ಹೊರಡುವ ಮೊದಲೇ ಕ್ಲಿಯರಿಂಗ್ ಮಾಡುವವರಿಗೆ ಮೇಲ್ ಹಾಕಿ. ಬಿಲ್ಲಿನಲ್ಲಿ ವಾಚಿನ ಕಸ್ಟಮ್ಸ್ ಕೋಡ್ ಇರಲಿ.

ಲೆಕ್ಕದ ಮೇಷ್ಟ್ರು, ವಿದ್ಯಾನಗರ ಹುಬ್ಬಳ್ಳಿ

ಪೇರಲದವರು ಹೇಳಿದ್ದು ಬಹಳ ಮುಖ್ಯ. ಕೋಡ್ 9102. ಬಂಗಾರದ ಕೇಸ್ ಆದರೆ 9101, ನಿಮ್ಮದು ಸ್ಟೀಲ್. ಆಟೋಮ್ಯಾಟಿಕ್ ಆದ್ದರಿಂದ 9102 21 ಅಂತ ಕಂಪನಿಯವರ ಕೈಲೇ ಬಿಲ್ಲಿನಲ್ಲಿ ಬರೆಸಿ. ಆ ಸ್ವಂತ ಬಳಕೆಯ ಖಾತೆಯ ದರ ಬಜೆಟ್‌ನಲ್ಲಿ ಬದಲಾಗುವುದುಂಟು, 2022ರ 77ನ್ನು ಇವತ್ತಿಗೆ ಹಿಡಿಯಬೇಡಿ. ಬೆಲೆ ಕಮ್ಮಿ ತೋರಿಸುತ್ತೇವೆ ಅಂತ ಯಾರಾದರೂ ಅಂದರೆ ಬೇಡ ಅನ್ನಿ. ದಾರಿಯಲ್ಲಿ ಕಳೆದರೆ ವಿಮೆ ಸಿಗುವುದು ಬಿಲ್ಲಿನಲ್ಲಿದ್ದಷ್ಟಕ್ಕೇ.

ಕಾರ್ಡಿನ ಖರ್ಚೂ ಮರೆತಿದ್ದೀರಿ. ಬಹಳಷ್ಟು ಕಾರ್ಡುಗಳಲ್ಲಿ ಹೊರದೇಶದ ಖರೀದಿಗೆ ಶೇ. 3.5, ಅದರ ಮೇಲೆ ಜಿಎಸ್‌ಟಿ. 3,52,000ಕ್ಕೆ ಅದೇ ಹದಿನಾಲ್ಕೂವರೆ ಸಾವಿರ. ಅಳಿಯನ ಕೈಲಿ ತರಿಸಿ ಉಳಿಸುವುದಕ್ಕಿಂತ ಜಾಸ್ತಿ!

ಮಸಿಕೈ, ಗದಗ

ಮೇಷ್ಟ್ರೇ, ನಿಮ್ಮ ಚೀಟಿಯನ್ನು ಪ್ರಿಂಟ್ ತೆಗೆದು ಕಟಿಂಗ್ ಮಶೀನಿನ ಮೇಲೆ ಅಂಟಿಸಿದ್ದೇನೆ. ಕೊರಿಯರ್ ಅಂತ ನಿಕ್ಕಿ ಮಾಡಿದೆ. ಹನ್ನೊಂದು ಸಾವಿರಕ್ಕೋಸ್ಕರ ಆ ಹುಡುಗನ ಸಂಕ್ರಾಂತಿ ಹಾಳು ಮಾಡುವುದು ಬೇಡ. ಅದಲ್ಲದೆ ಅಕ್ಕನಿಗೆ ವಿಷಯ ತಿಳಿದರೆ ಗದಗ, ಧಾರವಾಡ ಎರಡೂ ಕಡೆ ಡಂಗುರ.

ಏಳು ವರ್ಷ ಕಾದರೆ ಡ್ಯೂಟಿ ತೊಂಬತ್ತು ಸಾವಿರಕ್ಕಿಂತ ಜಾಸ್ತಿ ಇಳಿಯುತ್ತದೆ ಅಂತ ಲೆಕ್ಕ ಹಾಕಿ ನೋಡಿದೆ. ಆಗ ನನಗೆ 59. ಕಣ್ಣಿಗೆ ಈಗಲೇ ಚಾಳೀಸು ಬಂದಿದೆ. ಇಷ್ಟು ಸಣ್ಣ ಅಕ್ಷರದ ವಾಚನ್ನು ಆಗ ಯಾರಿಗೋಸ್ಕರ ತರಿಸಲಿ?

ದುರ್ಗದಬೈಲ್ ರಿಪೇರಿ, ಹುಬ್ಬಳ್ಳಿ

ಸರ, ನಾನು ಡ್ಯೂಟಿ ತಿಳಿದವನಲ್ಲ. ವಾಚು ಬಿಚ್ಚುವವನು. ಎರಡು ಮಾತು ಹೇಳುತ್ತೇನೆ.

ಬೆಲ್ಟು ಎಂಥದು ಅಂತ ಕೇಳಿದ್ದೀರಾ? ಇಂಥ ಕಂಪನಿಗಳು ಒಮ್ಮೊಮ್ಮೆ ಮೊಸಳೆ ಚರ್ಮದ್ದು ಹಾಕಿ ಕಳಿಸುತ್ತವೆ. ಮೊಸಳೆ ಜಾತಿಗೆ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಕಾಗದ ಬೇಕು. ಇಲ್ಲದಿದ್ದರೆ ಬೆಲ್ಟಿನ ದೆಸೆಯಿಂದ ವಾಚೇ ಕಸ್ಟಮ್ಸ್‌ನಲ್ಲಿ ಕೂರುತ್ತದೆ. ಕರುವಿನ ಚರ್ಮ ಅಥವಾ ರಬ್ಬರ್ ಹಾಕಿ ಅಂತ ಬರೆಯಿರಿ.

ಇನ್ನೊಂದು, ಒಳಗಿನ ಮಶೀನ್ ಯಾವುದು? ಬೇರೆ ಕಂಪನಿಗಳಿಗೆ ಮಶೀನ್ ಮಾಡಿಕೊಡುವ ಸೆಲ್ಲಿಟಾ ಅಥವಾ ಇಟಿಎದ್ದು ಇದ್ದರೆ ಹುಬ್ಬಳ್ಳಿಯಲ್ಲೇ ಸರ್ವಿಸ್ ಆಗುತ್ತದೆ, ಬಿಡಿಭಾಗ ಹುಡುಕಬಹುದು. ಅವರದೇ ಸ್ವಂತ ಮಶೀನ್ ಆಗಿದ್ದರೆ ರಿಪೇರಿಗೆ ವಾಪಸ್ ಕಳಿಸಬೇಕು. ಕಳಿಸುವಾಗ ರಿಪೇರಿಗೆ ಹೋಗುತ್ತಿದೆ ಅಂತ ಕಸ್ಟಮ್ಸ್ ಕಾಗದ ಮಾಡಿಸಿಯೇ ಕಳಿಸಿ. ಇಲ್ಲದಿದ್ದರೆ ತಿರುಗಿ ಬರುವಾಗ ಹೊಸ ವಾಚಿನ ಲೆಕ್ಕದಲ್ಲಿ ಮತ್ತೆ ಡ್ಯೂಟಿ. ನನ್ನ ಹತ್ತಿರ ಬರುವ ಹಳೇ ಎಚ್‌ಎಂಟಿ ಜನತಾಕ್ಕೆ ಈ ಯಾವ ರಗಳೆಯೂ ಇಲ್ಲ ನೋಡ್ರಿ. ಒಂದರ ಎದೆ ತೆಗೆದು ಇನ್ನೊಂದಕ್ಕೆ ಹಾಕಿದರೂ ಓಡುತ್ತದೆ.

ಮಸಿಕೈ, ಗದಗ (17 ಜನವರಿ 2026)

ವಾಚು ಬಂತು. ಮೂಲದ ದಾಖಲೆ ಕೇಳಿದೆ, ಒಂದೊಂದು ಪಾರ್ಸೆಲ್‌ಗೆ ಅದನ್ನು ಮಾಡುವುದಿಲ್ಲ ಅಂದರು. ಹಾಗಾಗಿ ಪೂರ್ತಿ ಡ್ಯೂಟಿ. ಬೆಲ್ಟು ಕರುವಿನದು, ಮಶೀನ್ ಸೆಲ್ಲಿಟಾ. ಬೆಂಗಳೂರಿನ ಕಸ್ಟಮ್ಸ್‌ನಲ್ಲಿ ನಾಲ್ಕು ದಿನ ಇತ್ತು. ಆಧಾರ್, ಪ್ಯಾನ್, ಕಾರ್ಡ್ ಪಾವತಿಯ ರಸೀದಿ ಕೇಳಿದರು, ಕಳಿಸಿದೆ. ಕೋಡ್ ಸರಿಯಾಗಿಯೇ ಬಿತ್ತು.

ಡ್ಯೂಟಿ ಬಂದದ್ದು 1,64,375. ಮೇಷ್ಟ್ರ ಚೀಟಿಗಿಂತ 5,767 ಜಾಸ್ತಿ. ಎಲ್ಲಿ ತಪ್ಪಿತು ಅಂತ ರಾತ್ರಿ ಕೂತು ನೋಡಿದರೆ, ಕಸ್ಟಮ್ಸ್‌ನವರು ಫ್ರಾಂಕಿಗೆ 114 ಹಿಡಿದಿದ್ದಾರೆ. ಶೇಕಡಾವಾರು ಅದೇ 43.96. ಕೊರಿಯರ್‌ನವರ ಕ್ಲಿಯರಿಂಗ್ ಫೀ ಬೇರೆ.

ಡಬ್ಬಿ ತೆರೆದು ಮೊದಲು ಟೈಮ್ ಇಡಲಿಲ್ಲ. ಪ್ರೆಸ್ಸಿನಲ್ಲಿ ಚುಕ್ಕೆ ನೋಡುವ ಲೆನ್ಸ್ ತಂದು ಡಯಲ್ ಮೇಲೆ ಹಿಡಿದೆ. ಹನ್ನೊಂದು ಅಂಕಿ ಕಲ್ಲಿನಲ್ಲಿ ಕಡೆದ ಹಾಗಿವೆ. ಎಂಟರ ಅಂಕಿಯಲ್ಲಿ ಮಾತ್ರ ಮೇಲಿನ ಪದರ ಕೂದಲೆಳೆಯಷ್ಟು ಬಲಕ್ಕೆ ಸರಿದಿದೆ. ಮಶೀನ್ ಹುಡುಗನಿಗೆ ತೋರಿಸಿದೆ. "ಸರ, ನಮ್ಮಲ್ಲಿ ಆಗಿದ್ರ ನೀವು ಹರದ್ ಹಾಕಸ್ತಿದ್ರಿ" ಅಂದ.

ಅಡುಗೆಮನೆ ಗಡಿಯಾರಕ್ಕೂ ಸೆಲ್ ಹಾಕಿದೆ. ಅದು ಇದಕ್ಕಿಂತ ಎರಡು ನಿಮಿಷ ಮುಂದಿದೆ. ಯಾವುದು ಸರಿ ಅಂತ ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ.