ಅಪ್‌ಡೇಟ್: ಕ್ವಾರಂಟೈನ್ ತೊಟ್ಟಿಯ ಕ್ಲೌನ್ ಮೀನುಗಳು ಚೇತರಿಸಿಕೊಂಡಿವೆ

ಉಪ್ಪುನೀರಿನ ಕ್ವಾರಂಟೈನ್ ತೊಟ್ಟಿಗೆ ತಾಮ್ರದ ಔಷಧ ಹಾಕಿದ ಮೇಲೆ ಎರಡೂ ಕ್ಲೌನ್ ಮೀನುಗಳು ಮೇವು ಬಿಟ್ಟು ಏದುಸಿರು ಬಿಡುತ್ತಿವೆ, ಔಷಧ ನಿಲ್ಲಿಸಬೇಕೇ ಎಂದು ಕೇಳಿದ್ದೆ. ಮೊದಲು ನೀರಿನ ಅಮೋನಿಯಾ (ಮೀನಿನ ತ್ಯಾಜ್ಯದಿಂದ ಸೇರುವ ವಿಷ) ನೋಡಿ ಎಂದವರ ಮಾತೇ ನಿಜವಾಯಿತು. ಹಳದಿಯಾಗಿ ಉಳಿಯಬೇಕಿದ್ದ ಪರೀಕ್ಷಾ ನಳಿಕೆಯ ನೀರು ಗಿಳಿಹಸಿರಾಯಿತು, ಅಂದರೆ ಅಮೋನಿಯಾ ಏರಿತ್ತು.

ಕೂಡಲೇ ಅರ್ಧ ನೀರು ಬದಲಾಯಿಸಿದೆ. ಹೊಸ ನೀರಿನ ಉಪ್ಪು, ಉಷ್ಣಾಂಶ, ತಾಮ್ರ ಮೂರನ್ನೂ ತೊಟ್ಟಿಯ ಮಟ್ಟಕ್ಕೆ ತಂದೇ ಸುರಿದೆ. ತಾಮ್ರ ತೆಳುವಾದರೆ ಬಿಳಿಚುಕ್ಕೆ ರೋಗದ ಪರಾವಲಂಬಿಗೆ ಹಬ್ಬ. ಅಮೋನಿಯಾ ತಗ್ಗಿಸುವ ದ್ರಾವಣ ಹಾಕಿ ಎಂದು ಅಂಗಡಿಯವರು ಒತ್ತಾಯಿಸಿದರು, ಒಪ್ಪಲಿಲ್ಲ. ಅಂಥ ಕೆಲವು ದ್ರಾವಣಗಳು ಸೇರಿದರೆ ತಾಮ್ರ ಇನ್ನಷ್ಟು ವಿಷವಾಗುತ್ತದೆ. ಹವಳವಿರುವ ಮುಖ್ಯ ತೊಟ್ಟಿಯ ಕಲ್ಲಿನಲ್ಲಿ ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ಇದ್ದರೂ ಅದನ್ನು ತಂದಿಡಲಿಲ್ಲ, ಅದು ತಾಮ್ರವನ್ನು ಹೀರಿಕೊಳ್ಳುತ್ತದೆ. ಬದಲಿಗೆ ಅಲ್ಲಿನ ಫಿಲ್ಟರಿನಲ್ಲಿ ಬಹುಕಾಲದಿಂದ ಇದ್ದ ಸ್ಪಂಜನ್ನು ತಂದು ಏರ್ ಪಂಪಿಗೆ ಜೋಡಿಸಿದೆ. ಅದರಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಅಮೋನಿಯಾವನ್ನು ಅರಗಿಸುತ್ತದೆ, ಗುಳ್ಳೆಗಳಿಂದ ಆಮ್ಲಜನಕವೂ ಸಿಗುತ್ತದೆ. ತಾಮ್ರ ಹವಳಕ್ಕೆ ವಿಷ, ಹಾಗಾಗಿ ತಾಮ್ರ ಕಂಡ ಈ ಸ್ಪಂಜು ಇನ್ನು ಆ ಹವಳದ ತೊಟ್ಟಿಗೆ ಮರಳುವಂತಿಲ್ಲ.

ಈಗ ಸೀಗಡಿ ಚೂರು ಹಾಕಿದರೆ ಎರಡೂ ಮುಗಿಬೀಳುತ್ತವೆ. ಉಳಿದ ಚೂರುಗಳನ್ನು ಆಗಲೇ ಪಿಪೆಟ್‌ನಿಂದ ಎಳೆದು ತೆಗೆಯುತ್ತೇನೆ. ಅಡಗಲೆಂದು ಇಟ್ಟ ಪಿವಿಸಿ ಪೈಪಿನ ತುಂಡನ್ನು ದೊಡ್ಡದು ವಶಪಡಿಸಿಕೊಂಡು ಚಿಕ್ಕದನ್ನು ಹತ್ತಿರಕ್ಕೂ ಬಿಡುತ್ತಿಲ್ಲ. ಜಗಳವಾಡುವಷ್ಟು ತ್ರಾಣ ಬಂದಿದೆಯಲ್ಲ, ಸಂತೋಷ!

ತಾಮ್ರವನ್ನು 30 ದಿನ ಪೂರ್ತಿ ಮುಂದುವರಿಸುತ್ತೇನೆ. ಇಂದು ಸಂಜೆ ಚಿಕ್ಕದಕ್ಕೂ ಒಂದು ಪೈಪು ತರಬೇಕು.