ಡಿಸೈನ್ ಕಾಲೇಜಿನ ಲೆಕ್ಚರರ್‌ಗಳು ಶುರುವಲ್ಲಿ ಹೀಗೇನಾ? ಓದಿದವರು ಅನುಭವ ಹೇಳಿ

ಪ್ರಶ್ನೆ: ನನ್ನ ತಂಗಿ ಬೆಂಗಳೂರಲ್ಲಿ ಬಿ.ಡೆಸ್ (ಡಿಸೈನ್ ಡಿಗ್ರಿ) ಸೇರಿದಾಳೆ, ಫೌಂಡೇಶನ್ ಇಯರ್, ಅಂದ್ರೆ ಮೊದಲ ವರ್ಷ. ಫೋನ್ ಮಾಡಿದ್ರೆ ಬರೀ ಲೆಕ್ಚರರ್‌ಗಳದ್ದೇ ಮಾತು. ಒಬ್ರು ಸರ್ ಏನ್ ಮಾಡ್ಕೊಂಡು ಹೋದ್ರೂ "ಯಾಕೆ ಹೀಗೆ?" ಅಂತ ಕೇಳ್ತಾರಂತೆ, ಹೇಳ್ಕೊಡಲ್ವಂತೆ. ಒಬ್ರು ಮೇಡಂ ಕೆಲಸ ಎಲ್ಲಾ ಗೋಡೆಗೆ ಅಂಟಿಸಿ ಎಲ್ಲರ ಮುಂದೇನೇ ತಪ್ಪು ಹೇಳ್ತಾರಂತೆ. ಕಂಪ್ಯೂಟರ್ ಇನ್ನೂ ಮುಟ್ಟೇ ಇಲ್ಲ. ಬಿಟ್ಟು ಬರ್ತೀನಿ ಅಂತಿದಾಳೆ, ಏನ್ ಮಾಡ್ಲಿ?

ಉತ್ತರ 1: ದಯವಿಟ್ಟು ಈಗ್ಲೇ ಬಿಡಿಸ್ಬೇಡಿ. ನಾನು ಕಮ್ಯುನಿಕೇಶನ್ ಡಿಸೈನ್ ಮುಗಿಸಿ ಈಗ ಪ್ಯಾಕೇಜಿಂಗ್ ಕೆಲಸ ಮಾಡ್ತಿದೀನಿ, ಮೊದಲ ಸೆಮಿಸ್ಟರಲ್ಲಿ ನಮ್ಮ ಬ್ಯಾಚಿಗೂ ಇದೇ ಅನ್ನಿಸಿತ್ತು. ಕಪ್ಪಿನಿಂದ ಬಿಳಿಗೆ ಹತ್ತು ಹಂತದ ಗ್ರೇ ಸ್ಕೇಲ್, ಪೋಸ್ಟರ್ ಕಲರಲ್ಲಿ, ಒಂದೊಂದು ಚೌಕಾನೂ ಬ್ರಶ್ ಗೆರೆ ಕಾಣ್ದಂಗೆ ತುಂಬಿ ಕಟ್ ಮಾಡಿ ಐವರಿ ಶೀಟಿಗೆ ಅಂಟಿಸ್ಬೇಕು, ರಾತ್ರಿಯೆಲ್ಲಾ ಕೂತು ಮಾಡ್ಕೊಂಡು ಹೋದ್ರೆ ಸರ್ ದೂರ ನಿಂತು ಕಣ್ಣು ಅರ್ಧ ಮುಚ್ಚಿ ನೋಡಿ "ನಾಲ್ಕು ಐದು ಎರಡೂ ಒಂದೇ ಇದೆ ಕಣಮ್ಮ, ಮತ್ತೆ ಮಾಡು" ಅಂದ್ರು ಅಷ್ಟೇ. ಎಷ್ಟು ಸಿಟ್ಟು ಬಂತು ಅಂದ್ರೆ! ಆಮೇಲೆ ನಾನೂ ಹಾಗೇ ಕಣ್ಣು ಕಿರಿದು ಮಾಡಿ ನೋಡ್ದೆ, ಎರಡೂ ಚೌಕ ಸೇರ್ಕೊಂಡು ಒಂದೇ ಪಟ್ಟಿ ಆಗೋಗಿತ್ತು. ಈಗ ಪ್ರಿಂಟಿಗೆ ಕಳ್ಸೋ ಮೊದ್ಲು ಪ್ರತಿ ಲೇಬಲ್ಲೂ ಹಾಗೇ ನೋಡ್ತೀನಿ, ಬಣ್ಣದೊಳಗೆ ಅಕ್ಷರ ಮುಳುಗ್ತಿದ್ರೆ ತಕ್ಷಣ ಗೊತ್ತಾಗುತ್ತೆ.

ಕಂಪ್ಯೂಟರ್ ಮುಟ್ಟಿಸದೇ ಇರೋದಕ್ಕೆ ಲೆಕ್ಚರರ್‌ಗಳನ್ನ ಬೈಬೇಡಿ. 1919ರಲ್ಲಿ ಜರ್ಮನಿಯ ವೈಮಾರಲ್ಲಿ ಬೌಹೌಸ್ ಅನ್ನೋ ಡಿಸೈನ್ ಶಾಲೆ ಶುರುವಾದಾಗ ಇಟ್ಟೆನ್ ಅನ್ನೋ ಮೇಷ್ಟ್ರು ಬಂದವರಿಗೆಲ್ಲಾ ಮೊದ್ಲು ಬಣ್ಣ, ಆಕಾರ, ಮರ, ಕಾಗದ ಇವನ್ನೇ ಕೈಯಾರೆ ಮಾಡಿ ಕಲಿಸ್ತಿದ್ರು, ವರ್ಕ್‌ಶಾಪ್ ಎಲ್ಲಾ ಆಮೇಲೆ. 1961ರಲ್ಲಿ ಅಹಮದಾಬಾದಲ್ಲಿ ಶುರುವಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್, ಅಂದ್ರೆ ಎನ್‌ಐಡಿಯ ಫೌಂಡೇಶನ್‌ಗೂ ಅದೇ ಬೇರು. ಸಾಫ್ಟ್‌ವೇರ್ ಹೇಗೂ ಬರುತ್ತೆ.

ಉತ್ತರ 2: ನಂದು ಹಾವೇರಿ ಕಡೆ ರೀ, ಹತ್ತನೇತ್ತ ತನಕ ಕನ್ನಡ ಮೀಡಿಯಂ. ಜ್ಯೂರಿ, ಅಂದ್ರ ನಮ್ಮ ಕೆಲಸ ನೋಡಿ ಪ್ರಶ್ನೆ ಕೇಳೋ ಪರೀಕ್ಷಾ, ಅದ್ರೊಳಗ ಲೆಕ್ಚರರ್ ಎಲ್ಲಾರೂ ಸಾಲಾಗಿ ಕುಂತು ಇಂಗ್ಲಿಷ್‌ನಾಗ ಫಟಾಫಟ್ ಕೇಳೋರು, ತಲಿಯಾಗ ಉತ್ತರ ಇದ್ರೂ ಬಾಯಿಗೆ ಬರ್ತಿದ್ದಿಲ್ಲ. ಮನ್ಯಾಗಿನ ಒಂದು ವಸ್ತು ಬರಕೊಂಡು ಬರ್ರಿ ಅಂದಾಗ ನಾ ಬೀಜಾ ಬಿತ್ತೋ ಕೂರಿಗಿ ಬರದಿದ್ದೆ, ಮುಂದಿಂದ, ಬಾಜೂದಿಂದ, ಮ್ಯಾಲಿಂದ. ಕೇರಳದ ಮೇಡಂ ಒಬ್ಬರು, ಭಾಳ ಖಡಕ್, ನಾವೆಲ್ಲಾ ಅಂಜತಿದ್ವಿ, ಶೀಟ್ ನೋಡಿ "ಕನ್ನಡದಲ್ಲೇ ಹೇಳು, ಪರವಾಗಿಲ್ಲ" ಅಂದ್ರು. ಬಟ್ಟಲದಾಗ ಹಾಕಿದ ಕಾಳು ಬಿದಿರಿನ ನಳಿಗ್ಯಾಗ ಹೆಂಗ ಇಳಿತೈತಿ, ನಮ್ಮವ್ವ ಬೆರಳ ಸಂದ್ಯಾಗಿಂದ ಹೆಂಗ ಹದಾ ನೋಡಿ ಕಾಳು ಬಿಡ್ತಾಳ, ಎಲ್ಲಾ ಹೇಳಿದೆ. ಪೂರ್ತಿ ಕೇಳಿ "ಅಮ್ಮನ ಕೈ ಎಲ್ಲಿ? ಇದ್ರಲ್ಲಿ ಬರೆದೇ ಇಲ್ಲ" ಅಂದ್ರು. ಬಳಸೋರ ಕೈ ಬಿಟ್ಟು ವಸ್ತು ಬರೀಬಾರದು ಅನ್ನೋದು ಅವತ್ತ ತಲಿಗೆ ಹೋತು ನೋಡ್ರಿ. ನಿಮ್ಮ ತಂಗಿಗೂ ಹೇಳ್ರಿ, ಭಾಷಾ ತೊಡಕಾದ್ರ ಕನ್ನಡದಾಗ ಹೇಳ್ಲಾ ಅಂತ ಕೇಳಾಕ ನಾಚಬಾರದು.

ಉತ್ತರ 3: ಮೇಲಿನವರು ಹೇಳಿದ್ದು ಒಪ್ತೀನಿ, ಆದ್ರೆ ಎಲ್ಲಾ ಖಡಕ್ ಲೆಕ್ಚರರೂ ಒಳ್ಳೆಯವರೇ ಅಂತ ಅಂದ್ಕೋಬೇಡಿ. ನಮಗಿದ್ದ ಒಬ್ರು ಕೆಲಸ ನೋಡ್ತಾನೇ ಇರ್ಲಿಲ್ಲ, ಹುಡುಗ್ರ ಬಟ್ಟೆ, ಊರು, ಇಂಗ್ಲಿಷ್ ಇದ್ರ ಬಗ್ಗೇನೇ ಮಾತು. ನಾನು ನೋಡೋದು ಇಷ್ಟೇ, ತಿದ್ದಿ ಎರಡನೇ ಸಲ ತಗೊಂಡು ಹೋದಾಗ ಏನ್ಮಾಡ್ತಾರೆ? ಹಳೇ ಶೀಟ್ ಪಕ್ಕ ಇಟ್ಟು ಇಲ್ಲಿ ಬದಲಾಗಿದೆ ಇಲ್ಲಿ ಇಲ್ಲ ಅಂತ ತೋರ್ಸಿದ್ರೆ ಅವ್ರು ಎಷ್ಟೇ ಬೈದ್ರೂ ಬಿಡ್ಬೇಡಿ. ತಿರುಗಿಯೂ ನೋಡ್ದೆ ಮತ್ತೆ ಅದೇ ಬೈಗುಳ ಅಂದ್ರೆ, ಅಥವಾ ಮಾತು ಮೈಮೇಲೆ ಮನೆತನದ ಮೇಲೆ ಹೋದ್ರೆ, ಇನ್ನೂ ಇಬ್ಬರು ಮೂವರನ್ನ ಜೊತೆ ಕರ್ಕೊಂಡು ಕೋರ್ಸ್ ಕೋಆರ್ಡಿನೇಟರ್ ಹತ್ರ ಬರೆದು ಕೊಡ್ಲಿ. ಅದಕ್ಕೇ ಹಳೇ ಶೀಟ್ ಯಾವುದೂ ಎಸೀಬಾರ್ದು, ಕ್ರಿಟ್ (ಕೆಲಸ ನೋಡಿ ತಪ್ಪು-ಸರಿ ಹೇಳೋ ಸೆಷನ್) ಮುಗಿದ ತಕ್ಷಣ ಅವ್ರು ಹೇಳಿದ್ದನ್ನ ಶೀಟಿನ ಹಿಂದೇನೇ ತಾರೀಕು ಹಾಕಿ ಪೆನ್ಸಿಲಲ್ಲಿ ಬರ್ಕೊಳ್ಳೋಕೆ ಹೇಳಿ. ಇನ್ನೊಂದು, ಹೊರಗಡೆ ಸ್ಟುಡಿಯೋದಿಂದ ಬರೋ ವಿಸಿಟಿಂಗ್ ಫ್ಯಾಕಲ್ಟಿ ಒಂದೆರಡು ವಾರ ಇದ್ದು ಹೊರಟೋಗ್ತಾರೆ, ಅವ್ರು ಹೋಗೋ ಮುಂಚೆ ಲಂಚ್ ಟೈಮಲ್ಲಾದ್ರೂ ಹಿಡ್ಕೊಂಡು ಸ್ಕೆಚ್‌ಬುಕ್ ತೋರಿಸ್ಲಿ.