ಹಳೆ ಫೈಟರ್ ಜೆಟ್ ಏರ್‌ಶೋನಲ್ಲಿ ಲೂಪ್ ಯಾಕೆ ಹೊಡೆಯಲಿಲ್ಲ?

ಪ್ರಶ್ನೆ: ಸರ್, ಬ್ರಿಟನ್ನಿನ 2016ರ ಏರ್‌ಶೋ ವಿಡಿಯೋ ಒಂದನ್ನು ನೋಡಿದೆ. ಹಳೆ ಫೈಟರ್ ಜೆಟ್ ಬಂತು, ಸ್ವಲ್ಪ ವಾಲಿ ತಿರುಗಿತು, ಹೊರಟುಹೋಯಿತು. ಮೊದಲಿನ ವಿಡಿಯೋಗಳಲ್ಲಿ ಇಂಥವು ಪಲ್ಟಿ ಹೊಡೆಯುತ್ತಿದ್ದವು. ವಯಸ್ಸಾಯ್ತು ಅಂತಾನಾ?

ಉತ್ತರ (ವಿಮಾನ ನಿರ್ವಹಣಾ ಇಂಜಿನಿಯರ್): ವಯಸ್ಸಲ್ಲ. 2015ರ ಆಗಸ್ಟ್ 22ರಂದು ಬ್ರಿಟನ್ನಿನ ಶೋರ್‌ಹ್ಯಾಮ್ ಏರ್‌ಶೋನಲ್ಲಿ ಹಾಕರ್ ಹಂಟರ್ ಎಂಬ ಹಳೆ ಫೈಟರ್ ಜೆಟ್ ಒಂದು ಲೂಪ್ (ಆಕಾಶದಲ್ಲಿ ಮೇಲಕ್ಕೆ ಏರಿ, ತಲೆಕೆಳಗಾಗಿ, ಸುತ್ತು ಹಾಕಿ ಕೆಳಗೆ ಬರುವುದು) ಥರದ ಕಸರತ್ತು ಮುಗಿಸುವಾಗ ಎತ್ತರ ಸಾಲದೆ ಎ27 ರಸ್ತೆಗೆ ಬಿತ್ತು. 11 ಜನ ಸತ್ತರು. ಅವರಲ್ಲಿ ಒಬ್ಬರೂ ಪ್ರೇಕ್ಷಕರ ಜಾಗದಲ್ಲಿ ಇದ್ದವರಲ್ಲ. ಪೈಲಟ್ ಬದುಕುಳಿದರು, 2019ರಲ್ಲಿ ಕೋರ್ಟಿನಲ್ಲಿ ಖುಲಾಸೆಯೂ ಆದರು.

ತನಿಖಾ ವರದಿಯ ಲೆಕ್ಕ ನೋಡಿ. ಕಸರತ್ತಿಗೆ 350 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ವೇಗ ಬೇಕಿತ್ತು, ಇದ್ದದ್ದು ಸುಮಾರು 310. ಸುತ್ತಿನ ತುತ್ತತುದಿಯಲ್ಲಿ ಎತ್ತರ ಕನಿಷ್ಠ 3,500 ಅಡಿ ಇರಬೇಕಿತ್ತು, ಸಿಕ್ಕಿದ್ದು ಸುಮಾರು 2,700. ಈ 3,500ಕ್ಕೆ ನಾವು ‘ಗೇಟ್’ ಅಂತೀವಿ. ವಿಮಾನ ಮೇಲೆ ತಲೆಕೆಳಗಾಗಿರುವಾಗ ಪೈಲಟ್ ಎತ್ತರ ತೋರಿಸುವ ಮೀಟರ್ ನೋಡಬೇಕು. ಎತ್ತರ ಕಮ್ಮಿ ಇದೆಯಾ? ಹಾಗಾದರೆ ಮೂತಿ ಕೆಳಗೆ ಎಳೆಯುವಂತಿಲ್ಲ. ಉರುಳಿಸಿ ನೇರ ಮಾಡಿಕೊಂಡು ಹೊರಟುಬಿಡಬೇಕು. ಒಮ್ಮೆ ಕೆಳಮುಖವಾದ ಮೇಲೆ ಎಂಜಿನ್ ಏನೂ ಉಳಿಸುವುದಿಲ್ಲ, ಎತ್ತರವೇ ಉಳಿಸಬೇಕು.

ಅಪಘಾತವಾದ ಎರಡೇ ದಿನಕ್ಕೆ ಅಲ್ಲಿನ ವಿಮಾನಯಾನ ಪ್ರಾಧಿಕಾರ, ಭೂಭಾಗದ ಮೇಲಿನ ಆಕಾಶದಲ್ಲಿ ಹಳೆ ಜೆಟ್‌ಗಳು ಸುಮ್ನೆ ಹಾದುಹೋಗಬಹುದು, ಕಸರತ್ತು ಬೇಡ ಅಂದಿತು. ನೀವು ನೋಡಿದ್ದು ಅದನ್ನೇ ಇರಬೇಕು.

ಪ್ರಶ್ನೆ: ಪೈಲಟ್ ಲೈಸೆನ್ಸ್ ಇದ್ದರೆ ಸಾಲಲ್ವಾ?

ಉತ್ತರ: ಸಾಲದು. ಪ್ರದರ್ಶನ ಹಾರಾಟಕ್ಕೆ ಬೇರೆ ಅನುಮತಿ ಬೇಕು. ಯಾವ ಕಸರತ್ತು, ಎಷ್ಟು ತಗ್ಗಿನಲ್ಲಿ ಅಂತ ಅದರಲ್ಲಿ ಬರೆದಿರುತ್ತದೆ. ಇಂಥ ಹಳೆ ಜೆಟ್‌ಗೂ ಹಾರಾಟಕ್ಕೆ ಯೋಗ್ಯ ಅನ್ನುವ ಮಾಮೂಲಿ ಪ್ರಮಾಣಪತ್ರ ಸಿಗಲ್ಲ, ವಿಶೇಷ ಅನುಮತಿ ಬೇಕು. ಬ್ರಿಟನ್ನಿನಲ್ಲಿ ‘ಪರ್ಮಿಟ್ ಟು ಫ್ಲೈ’, ಅಮೆರಿಕದಲ್ಲಿ ‘ಎಕ್ಸ್‌ಪೆರಿಮೆಂಟಲ್ ಎಕ್ಸಿಬಿಷನ್’ ವರ್ಗ.

ಪ್ರಶ್ನೆ: ಅಮೆರಿಕದಲ್ಲಿ ಹಳೆ ಜೆಟ್‌ಗಳು ಲೂಪ್ ಹೊಡೆಯುತ್ತವಲ್ಲ ಸರ್?

ಉತ್ತರ: ಹೌದು. ಅಲ್ಲಿ ದೂರದ ಲೆಕ್ಕ ಜಾಸ್ತಿ. 245 ನಾಟ್‌ಗಿಂತ ವೇಗವಾಗಿ ಕಸರತ್ತು ಮಾಡುವ ವಿಮಾನ ಪ್ರೇಕ್ಷಕರಿಂದ 1,500 ಅಡಿ ದೂರ ಇರಬೇಕು. ಜನರ ಕಡೆಗೆ ಮುಖ ಮಾಡಿ ಕಸರತ್ತು ಮಾಡುವಂತಿಲ್ಲ. ಟಿಕೆಟ್ ತಗೊಂಡವರನ್ನು ದೂರ ಕೂರಿಸುವುದು ಸುಲಭ. ಕೆಂಪು ದೀಪಕ್ಕೆ ಕಾಯುತ್ತಾ ಕಾರಿನಲ್ಲಿ ಕೂತವರನ್ನು ಏನು ಮಾಡ್ತೀರಿ? ನನ್ನನ್ನು ಕೇಳಿದರೆ ಕಸರತ್ತಿನ ನಕ್ಷೆಯಲ್ಲಿ ಮೊದಲು ಗುರುತಿಸಬೇಕಾದದ್ದು ರಸ್ತೆ.

ಪ್ರಶ್ನೆ: ಅಪಾಯದಲ್ಲಿ ಪೈಲಟ್‌ನನ್ನು ವಿಮಾನದಿಂದ ಹೊರಕ್ಕೆ ಹಾರಿಸುವ ಎಜೆಕ್ಷನ್ ಸೀಟ್ ಇರುತ್ತಲ್ಲ, ಪೈಲಟ್‌ಗೆ ಭಯವಿಲ್ಲ ಅಲ್ವಾ?

ಉತ್ತರ: ಸೀಟನ್ನು ಹಾರಿಸುವುದು ಸಿಡಿಮದ್ದಿನ ಕಾರ್ಟ್ರಿಜ್. ಔಷಧಿ ಬಾಟಲಿಯಂತೆ ಅದಕ್ಕೂ ಅವಧಿ ಇದೆ. ಆ ಹಂಟರ್‌ನ ಸೀಟುಗಳಲ್ಲಿ ಅವಧಿ ಮೀರಿದ್ದವು ಸಿಕ್ಕವು. ಹಾರದಿದ್ದರೆ ಪೈಲಟ್‌ಗೆ ಅಪಾಯ, ನೆಲದಲ್ಲಿ ಹಾರಿದರೆ ನಮಗೆ. ಹಾಗಾಗಿ ನಾನು ಕಾಕ್‌ಪಿಟ್‌ಗೆ ಕಾಲಿಡುವ ಮುಂಚೆ ಸೀಟು ತಾನಾಗಿ ಹಾರದಂತೆ ತಡೆಯುವ, ಕೆಂಪು ಪಟ್ಟಿ ಕಟ್ಟಿದ ಸೇಫ್ಟಿ ಪಿನ್‌ಗಳನ್ನು ಜೋರಾಗಿ ಎಣಿಸುತ್ತೇನೆ. ಒಂದು ಕಮ್ಮಿ ಬಂದರೂ ಏಣಿಯಿಂದ ಇಳಿದುಬಿಡುತ್ತೇನೆ.